ಮಲ್ಟಿಕ್ಲಾಸ್ ಪಾತ್ರಕ್ಕೆ ಫೀಟ್ ಆರಿಸುವುದು ಹೇಗೆ

"ನನ್ನ ಪಾತ್ರ ಫೈಟರ್ 3, ವಿಝರ್ಡ್ 3. ಜೊತೆಗಾರರೆಲ್ಲ ಆಗಲೇ ಒಂದೊಂದು ಫೀಟ್ ತೆಗೆದುಕೊಂಡಿದ್ದಾರೆ, ನನಗಿನ್ನೂ ಒಂದೂ ಸಿಕ್ಕಿಲ್ಲ. ಎಲ್ಲಿ ತಪ್ಪಿದೆ? ಸಿಕ್ಕಾಗ ಯಾವುದನ್ನು ತೆಗೆದುಕೊಳ್ಳಲಿ?"

ದಾಳ ಉರುಳಿಸಿ, ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಬಗ್ಗೆ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಹೆಸರು, ಕ್ಲಾಸ್ (ಫೈಟರ್, ವಿಝರ್ಡ್‌ನಂಥ ಪಾತ್ರದ ವೃತ್ತಿ) ಬೇರೆಯಿರುತ್ತದೆ, ತೊಡಕು ಮಾತ್ರ ಒಂದೇ. ಬಹಳಷ್ಟು ಜನ ಫೀಟ್‌ಗಳ ಪಟ್ಟಿ ತೆರೆದು ಅದರಲ್ಲಿ ಬಲಿಷ್ಠವಾಗಿ ಕಾಣುವುದನ್ನು ಹುಡುಕುತ್ತಾರೆ. ಒಂದೇ ಕ್ಲಾಸಿನ ಪಾತ್ರಕ್ಕೆ ಆ ದಾರಿ ಹೇಗೋ ನಡೆದುಹೋಗುತ್ತದೆ. ಮಲ್ಟಿಕ್ಲಾಸ್ ಪಾತ್ರಕ್ಕೆ ನಡೆಯುವುದಿಲ್ಲ. ಇಲ್ಲಿ ಫೀಟ್ ಸಿಗುವುದೇ ಅಪರೂಪ, ಆದ್ದರಿಂದ ಸಿಕ್ಕ ಒಂದು ಫೀಟ್ ನಿಮ್ಮ ಎರಡೂ ಕ್ಲಾಸ್‌ಗಳನ್ನು ಸೇರಿಸಿ ಹೊಲಿಯುವ ದಾರವಾಗಬೇಕು. ಒಂದು ಕ್ಲಾಸಿಗೆ ಮಾತ್ರ ಉಪಯೋಗಕ್ಕೆ ಬಂದು ಇನ್ನೊಂದು ಸುಮ್ಮನೆ ಕೂರುವಂತಾದರೆ ಆ ಆಯ್ಕೆಯಲ್ಲಿ ಅರ್ಧ ನಷ್ಟ ಎಂದೇ ತಿಳಿಯಿರಿ.

ಇಲ್ಲಿ ಹೇಳುವುದೆಲ್ಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಗೆ ಸಂಬಂಧಿಸಿದ್ದು. ಅದರಲ್ಲಿ 2014ರ ನಿಯಮಗಳೂ ಇವೆ, 2024ರಲ್ಲಿ ಬಂದ ಪರಿಷ್ಕೃತ ನಿಯಮಗಳೂ ಇವೆ. ವ್ಯತ್ಯಾಸವಿರುವ ಕಡೆ ಬೇರೆಯಾಗಿ ಹೇಳುತ್ತೇನೆ.

ಮೊದಲು ಕೆಲವು ಪದಗಳು

ಫೀಟ್ ಎಂದರೆ ಪಾತ್ರ ಗಳಿಸುವ ವಿಶೇಷ ಕೌಶಲ. ದೂರ ಅಳೆಯುವ ಅಡಿಗೂ ಇದಕ್ಕೂ ಸಂಬಂಧವಿಲ್ಲ. ಮಲ್ಟಿಕ್ಲಾಸ್ ಎಂದರೆ ಒಂದೇ ಪಾತ್ರ ಎರಡು ಅಥವಾ ಹೆಚ್ಚು ಕ್ಲಾಸ್‌ಗಳಲ್ಲಿ ಲೆವೆಲ್, ಅಂದರೆ ಅನುಭವದ ಮೆಟ್ಟಿಲು, ಏರುವುದು. ಫೈಟರ್ 3 ಎಂದರೆ ಫೈಟರ್ ಆಗಿ ಮೂರು ಲೆವೆಲ್. ಎಎಸ್ಐ ಎಂದರೆ ಎಬಿಲಿಟಿ ಸ್ಕೋರ್ ಇಂಪ್ರೂವ್‌ಮೆಂಟ್, ಅಂದರೆ ಬಲ, ಚುರುಕು, ಬುದ್ಧಿಯಂಥ ಮೂಲ ಅಂಕಗಳನ್ನು ಒಟ್ಟು ಎರಡರಷ್ಟು ಏರಿಸಿಕೊಳ್ಳುವ ಅವಕಾಶ. ಫೀಟ್ ಸಿಗುವುದು ಈ ಅವಕಾಶದ ಬದಲಿಗೆ. ಅರ್ಧ ಫೀಟ್ ಎಂದು ಆಟಗಾರರು ಕರೆಯುವುದು, ಕೌಶಲದ ಜೊತೆಗೆ ಒಂದು ಅಂಕವನ್ನೂ ಏರಿಸಿಕೊಡುವ ಫೀಟ್‌ಗಳನ್ನು. ಕಾನ್ಸಂಟ್ರೇಶನ್ ಎಂದರೆ ಕೆಲವು ಮಂತ್ರಗಳನ್ನು ಮುಂದುವರಿಸಲು ಬೇಕಾದ ಏಕಾಗ್ರತೆ. ಪೆಟ್ಟು ಬಿದ್ದಾಗ ಕಾನ್‌ಸ್ಟಿಟ್ಯೂಶನ್ (ದೇಹದಾರ್ಢ್ಯ) ಸೇವ್, ಅಂದರೆ ಪಾರಾಗುವ ದಾಳ, ಉರುಳಿಸಿ ಗೆದ್ದರೆ ಮಾತ್ರ ಅದು ಉಳಿಯುತ್ತದೆ.

ಕೈಯಲ್ಲಿ ನಿಮ್ಮ ಕ್ಯಾರೆಕ್ಟರ್ ಶೀಟ್, ಒಂದು ಖಾಲಿ ಹಾಳೆ, ಪೆನ್ಸಿಲ್ ಇರಲಿ. ರಬ್ಬರ್ ಕೂಡ ಬೇಕಾಗುತ್ತದೆ.

ಹಂತ 1: ಡಿಎಂ ಜೊತೆ ಎರಡು ಮಾತು

2014ರ ನಿಯಮಗಳಲ್ಲಿ ಫೀಟ್ ಕೂಡ ಐಚ್ಛಿಕ, ಮಲ್ಟಿಕ್ಲಾಸ್ ಕೂಡ ಐಚ್ಛಿಕ. ಡಿಎಂ, ಅಂದರೆ ಆಟ ನಡೆಸುವವರು, ಎರಡಕ್ಕೂ ಒಪ್ಪಿರಬೇಕು. 2024ರಲ್ಲಿ ಫೀಟ್ ಆಟದ ಸಹಜ ಭಾಗವಾಗಿದೆ. ಹಿನ್ನೆಲೆಯ ಜೊತೆಗೇ ಎಲ್ಲರಿಗೂ ಮೊದಲ ಲೆವೆಲ್‌ನಲ್ಲಿ ಒಂದು ಒರಿಜಿನ್ ಫೀಟ್ ಸಿಗುತ್ತದೆ. ಅಲರ್ಟ್, ಲಕ್ಕಿ, ಟಫ್, ಮ್ಯಾಜಿಕ್ ಇನಿಶಿಯೇಟ್ ಇವೆಲ್ಲ ಆ ಗುಂಪಿನವು. ಯಾವ ಪುಸ್ತಕ, ಯಾವ ವರ್ಷದ್ದು ಎಂಬುದನ್ನು ಖಚಿತ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ಒಂದೇ ಹೆಸರಿನ ಫೀಟ್ ಎರಡು ಪುಸ್ತಕಗಳಲ್ಲಿ ಬೇರೆ ಬೇರೆ ಕೆಲಸ ಮಾಡುತ್ತದೆ.

ಹಂತ 2: ಫೀಟ್‌ಗಳನ್ನು ಎಣಿಸಿ

ತಪ್ಪು ಹೆಚ್ಚಾಗಿ ಆಗುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಎಎಸ್ಐ ಸಿಗುವುದು ಪಾತ್ರದ ಒಟ್ಟು ಲೆವೆಲ್ ನೋಡಿ ಅಲ್ಲ, ಆಯಾ ಕ್ಲಾಸಿನಲ್ಲಿ ನೀವು ಏರಿದ ಲೆವೆಲ್ ನೋಡಿ. ಬಹುತೇಕ ಕ್ಲಾಸ್‌ಗಳಲ್ಲಿ ಅದು 4, 8, 12, 16, 19ನೇ ಲೆವೆಲ್‌ಗಳಲ್ಲಿ ಬರುತ್ತದೆ. ಫೈಟರ್‌ಗೆ 6 ಮತ್ತು 14ರಲ್ಲಿ ಹೆಚ್ಚುವರಿಯಾಗಿ, ರೋಗ್‌ಗೆ 10ರಲ್ಲಿ ಹೆಚ್ಚುವರಿಯಾಗಿ ಸಿಗುತ್ತದೆ. 2024ರಲ್ಲಿ 19ನೇ ಲೆವೆಲ್‌ನದು ಎಪಿಕ್ ಬೂನ್ ಎಂಬ ಬೇರೆ ರೂಪ ಪಡೆದಿದೆ, ಆದರೆ ಎಣಿಸುವ ಕ್ರಮ ಅದೇ.

ಈಗ ಮೊದಲಿನ ಪ್ರಶ್ನೆಗೆ ಬನ್ನಿ. ಫೈಟರ್ 3, ವಿಝರ್ಡ್ 3 ಸೇರಿ ಒಟ್ಟು 6ನೇ ಲೆವೆಲ್ ಆಯಿತು. ಆದರೆ ಎರಡರಲ್ಲಿ ಯಾವುದೂ 4 ಮುಟ್ಟಿಲ್ಲ, ಆದ್ದರಿಂದ (2024ರ ಒರಿಜಿನ್ ಫೀಟ್ ಬಿಟ್ಟರೆ) ಒಂದೂ ಫೀಟ್ ಇಲ್ಲ. ಬರೀ ಫೈಟರ್ ಆಗಿ 6ಕ್ಕೆ ಬಂದವರಿಗೆ ಆ ಹೊತ್ತಿಗೆ ಎರಡು ಸಿಕ್ಕಿರುತ್ತವೆ. ತಪ್ಪು ಲೆಕ್ಕದಲ್ಲಿಲ್ಲ, ಲೆವೆಲ್ ಹಂಚಿದ ರೀತಿಯಲ್ಲಿದೆ.

ಹಾಳೆಯ ಮೇಲೆ 1ರಿಂದ 20ರವರೆಗೆ ಬರೆಯಿರಿ. ಎದುರಿಗೆ ಆ ಲೆವೆಲ್‌ನಲ್ಲಿ ಯಾವ ಕ್ಲಾಸ್ ಏರುತ್ತೀರಿ ಎಂದು ಬರೆಯಿರಿ. ಎಎಸ್ಐ ಬರುವ ಕಡೆ ಗುರುತು ಹಾಕಿ. ನಿಮ್ಮ ಆಟ 10 ಅಥವಾ 12ಕ್ಕೆ ಮುಗಿಯುವ ಸಾಧ್ಯತೆಯಿದ್ದರೆ ಅಲ್ಲಿ ದಪ್ಪ ಗೆರೆ ಎಳೆಯಿರಿ. ಗೆರೆಯ ಕೆಳಗಿರುವ ಫೀಟ್‌ಗಳು ನಿಮ್ಮವಲ್ಲ, ಅವನ್ನು ನಂಬಿ ಯೋಜನೆ ಹಾಕಬೇಡಿ.

20ನೇ ಲೆವೆಲ್‌ವರೆಗಿನ ಲೆಕ್ಕ ಹೀಗೆ: ಫೈಟರ್, ರೋಗ್ ಬಿಟ್ಟು ಉಳಿದ ಯಾವುದೇ ಕ್ಲಾಸಿನಲ್ಲಿ ನೇರವಾಗಿ ಏರಿದರೆ ಐದು. 16 ಮತ್ತು 4 ಎಂದು ಹಂಚಿದರೂ ಐದು. 12 ಮತ್ತು 8 ಎಂದು ಹಂಚಿದರೂ ಐದು. ಆದರೆ 17 ಮತ್ತು 3, 18 ಮತ್ತು 2, 15 ಮತ್ತು 5, 10 ಮತ್ತು 10 ಇವೆಲ್ಲ ನಾಲ್ಕೇ. ಅಂದರೆ ಎರಡೂ ಕ್ಲಾಸ್‌ಗಳನ್ನು ನಾಲ್ಕರ ಗುಣಕದಲ್ಲಿ ನಿಲ್ಲಿಸಿದರೆ ಏನೂ ಕಳೆದುಕೊಳ್ಳುವುದಿಲ್ಲ.

ಇದರಿಂದ "ಯಾವಾಗಲೂ ನಾಲ್ಕಕ್ಕೇ ನಿಲ್ಲಿಸಿ" ಎಂದು ಅರ್ಥ ಮಾಡಿಕೊಳ್ಳಬೇಡಿ. ವಾರ್‌ಲಾಕ್‌ನಲ್ಲಿ ಎರಡೇ ಲೆವೆಲ್ ತೆಗೆದುಕೊಂಡು ಮುಂದೆ ಹೋಗುವುದು ಎಷ್ಟೋ ಪಾತ್ರಗಳಿಗೆ ಒಂದು ಫೀಟ್‌ಗಿಂತ ಹೆಚ್ಚು ಕೊಡುತ್ತದೆ. ಕಳೆದುಕೊಳ್ಳುವುದು ಏನೆಂದು ತಿಳಿದು ಕಳೆದುಕೊಳ್ಳಿ, ಅಷ್ಟೇ. ನನ್ನ ಸಲಹೆ ಇಷ್ಟು: ಶಸ್ತ್ರ ಹಿಡಿಯುವ ಪಾತ್ರವಾದರೆ ಮೊದಲ ಕ್ಲಾಸನ್ನು 5ರವರೆಗೆ ಒಯ್ದ ಮೇಲೆಯೇ ಎರಡನೆಯದಕ್ಕೆ ಕಾಲಿಡಿ. 4ರಲ್ಲಿ ಫೀಟ್ ಸಿಗುತ್ತದೆ, 5ರಲ್ಲಿ ಎಕ್ಸ್‌ಟ್ರಾ ಅಟ್ಯಾಕ್, ಅಂದರೆ ಒಂದು ಸರದಿಗೆ ಎರಡು ಹೊಡೆತ ಸಿಗುತ್ತದೆ. ರೋಗ್‌ಗೆ ಮಾತ್ರ ಎಕ್ಸ್‌ಟ್ರಾ ಅಟ್ಯಾಕ್ ಇಲ್ಲ. ಎರಡು ಕ್ಲಾಸ್‌ಗಳಿಂದ ಬಂದ ಎಕ್ಸ್‌ಟ್ರಾ ಅಟ್ಯಾಕ್ ಒಂದರ ಮೇಲೊಂದು ಸೇರುವುದಿಲ್ಲ ಎಂಬುದೂ ನೆನಪಿರಲಿ.

ಹಂತ 3: ಅಂಕಗಳನ್ನು ನೋಡಿ

ಮಲ್ಟಿಕ್ಲಾಸ್ ಆಗಲು ಈಗಿನ ಕ್ಲಾಸಿನ ಮತ್ತು ಹೊಸ ಕ್ಲಾಸಿನ, ಎರಡರ ಮುಖ್ಯ ಅಂಕವೂ 13 ಇರಬೇಕು. ಪ್ಯಾಲಡಿನ್‌ಗೆ ಸ್ಟ್ರೆಂತ್ (ಬಲ) ಮತ್ತು ಕರಿಸ್ಮಾ (ವರ್ಚಸ್ಸು) ಎರಡೂ 13, ಮಂಕ್ ಮತ್ತು ರೇಂಜರ್‌ಗೆ ಡೆಕ್ಸ್‌ಟೆರಿಟಿ (ಚುರುಕು) ಮತ್ತು ವಿಸ್ಡಮ್ (ವಿವೇಕ) ಎರಡೂ 13. ಫೈಟರ್‌ಗೆ ಸ್ಟ್ರೆಂತ್ ಅಥವಾ ಡೆಕ್ಸ್‌ಟೆರಿಟಿ, ಯಾವುದಾದರೂ ಒಂದು ಸಾಕು.

ಈ ನಿಯಮದಿಂದಾಗಿ ಮಲ್ಟಿಕ್ಲಾಸ್ ಪಾತ್ರದ ಅಂಕಗಳು ಹರಿದು ಹಂಚಿಹೋಗಿರುತ್ತವೆ, ಶೀಟಿನಲ್ಲಿ 13, 15, 17ರಂಥ ಬೆಸ ಸಂಖ್ಯೆಗಳು ಕಾಣುತ್ತವೆ. ಲಾಭ ಬರುವುದು ಸಮ ಸಂಖ್ಯೆ ಮುಟ್ಟಿದಾಗ. 17ರಿಂದ 18 ಆದರೆ ದಾಳಕ್ಕೆ ಸೇರುವ ಮಾಡಿಫೈಯರ್ +3ರಿಂದ +4 ಆಗುತ್ತದೆ. ಅರ್ಧ ಫೀಟ್‌ನ ಸೊಗಸು ಇರುವುದು ಇಲ್ಲೇ: ಬೆಸ ಅಂಕ ಸಮವಾಗುತ್ತದೆ, ಕೌಶಲವೂ ಬರುತ್ತದೆ. 2014ರ ನಿಯಮದಲ್ಲಿ ರೆಸಿಲಿಯಂಟ್, ಆಮೇಲೆ ಬಂದ ಪುಸ್ತಕದಲ್ಲಿ ಫೇ ಟಚ್ಡ್ ಮತ್ತು ಶ್ಯಾಡೋ ಟಚ್ಡ್ ಇಂಥವು. 2024ರಲ್ಲಿ ನಾಲ್ಕನೇ ಲೆವೆಲ್‌ನಿಂದ ತೆರೆದುಕೊಳ್ಳುವ ಜನರಲ್ ಫೀಟ್‌ಗಳಲ್ಲಿ ಬಹುಪಾಲು ಅರ್ಧ ಫೀಟ್‌ಗಳೇ ಆಗಿವೆ, ಇದರಿಂದ ಮಲ್ಟಿಕ್ಲಾಸ್ ಪಾತ್ರಗಳ ಕಷ್ಟ ಸಾಕಷ್ಟು ಹಗುರಾಗಿದೆ.

ಮುಖ್ಯ ಅಂಕ 16ರಲ್ಲೇ ನಿಂತಿದ್ದು, ನಿಮ್ಮ ಎರಡು ಕ್ಲಾಸ್‌ಗಳೂ ಅದೇ ಅಂಕದ ಮೇಲೆ ನಡೆಯುತ್ತವೆ ಎಂದುಕೊಳ್ಳಿ. ಆಗ ಫೀಟ್ ಬಿಟ್ಟು ನೇರವಾಗಿ +2 ತೆಗೆದುಕೊಳ್ಳಲು ಹಿಂಜರಿಯಬೇಡಿ. ಫೀಟ್‌ನಷ್ಟು ಆಕರ್ಷಕವಾಗಿ ಕಾಣದಿದ್ದರೂ ಪ್ರತಿ ಸರದಿಯಲ್ಲೂ ಕೆಲಸ ಮಾಡುವ ಆಯ್ಕೆ ಅದು.

ಹಂತ 4: ನಿಮ್ಮ ಒಂದು ಸರದಿಯನ್ನು ಬರೆದು ನೋಡಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡುವಷ್ಟು ಸಮಯವಿದ್ದರೆ ಇದನ್ನು ಮಾಡಿ.

ಹಾಳೆಯ ಹಿಂಬದಿಯಲ್ಲಿ ನಾಲ್ಕು ಖಾನೆ ಮಾಡಿ: ಆಕ್ಷನ್, ಬೋನಸ್ ಆಕ್ಷನ್, ರಿಯಾಕ್ಷನ್, ಕಾನ್ಸಂಟ್ರೇಶನ್. ಸರದಿಗೆ ಒಂದು ಆಕ್ಷನ್, ಅಂದರೆ ಮುಖ್ಯ ಕೆಲಸ, ಜೊತೆಗೆ ಹೆಚ್ಚೆಂದರೆ ಒಂದು ಬೋನಸ್ ಆಕ್ಷನ್, ಅಂದರೆ ಚಿಕ್ಕ ಕೆಲಸ. ಬೇರೆಯವರು ಮಾಡಿದ್ದಕ್ಕೆ ತಟ್ಟನೆ ಪ್ರತಿಕ್ರಿಯಿಸುವ ರಿಯಾಕ್ಷನ್ ಒಂದು ಸುತ್ತಿಗೆ ಒಂದೇ. ಒಂದು ಹೊತ್ತಿಗೆ ಒಂದೇ ಮಂತ್ರದ ಮೇಲೆ ಏಕಾಗ್ರತೆ. ನಿಮ್ಮ ಎರಡೂ ಕ್ಲಾಸ್‌ಗಳ ಸಾಮರ್ಥ್ಯಗಳನ್ನು ಆಯಾ ಖಾನೆಯಲ್ಲಿ ತುಂಬಿ.

ರೇಂಜರ್ 5, ರೋಗ್ 3 ಎಂದಿಟ್ಟುಕೊಳ್ಳಿ. ಶತ್ರುವನ್ನು ಗುರುತಿಸುವ ಹಂಟರ್ಸ್ ಮಾರ್ಕ್ ಮಂತ್ರ ಹಾಕುವುದು ಬೋನಸ್ ಆಕ್ಷನ್, ಅದನ್ನು ಇನ್ನೊಬ್ಬ ಶತ್ರುವಿಗೆ ವರ್ಗಾಯಿಸುವುದೂ ಬೋನಸ್ ಆಕ್ಷನ್. ರೋಗ್‌ನ ಕನಿಂಗ್ ಆಕ್ಷನ್, ಅಂದರೆ ಓಡುವುದು, ಅಡಗುವುದು, ಜಾರಿಕೊಳ್ಳುವುದು, ಅದೂ ಬೋನಸ್ ಆಕ್ಷನ್. ಈಗ ಕೈ ಬಿಲ್ಲಿನಿಂದ ಇನ್ನೊಂದು ಬಾಣ ಬಿಡಬಹುದೆಂಬ ಆಸೆಯಿಂದ ಕ್ರಾಸ್‌ಬೋ ಎಕ್ಸ್‌ಪರ್ಟ್ ತೆಗೆದುಕೊಂಡರೆ ಅದೂ ಅದೇ ಸಾಲಿಗೆ ಬಂದು ನಿಲ್ಲುತ್ತದೆ. ಒಂದೇ ಬಾಗಿಲಿಗೆ ನಾಲ್ಕು ಜನ ನುಗ್ಗಿದ ಹಾಗಾಯಿತು. ಅದರ ಬದಲು ಯಾವ ಖಾನೆಯನ್ನೂ ಕೇಳದ ಶಾರ್ಪ್‌ಶೂಟರ್ ಈ ಪಾತ್ರಕ್ಕೆ ಎಷ್ಟೋ ಮೇಲು, ಅರ್ಧ ಅಥವಾ ಮುಕ್ಕಾಲು ಮರೆಯ ಹಿಂದಿರುವವರಿಗೂ ಬಾಣ ಸರಿಯಾಗಿ ತಾಗುತ್ತದೆ.

ಮಂಕ್ ಜೊತೆ ಪೋಲ್‌ಆರ್ಮ್ ಮಾಸ್ಟರ್ ಸೇರಿಸುವವರಿಗೂ ಇದೇ ಎಚ್ಚರಿಕೆ. ಮಂಕ್‌ನ ಹೆಚ್ಚುವರಿ ಹೊಡೆತವೂ ಬೋನಸ್ ಆಕ್ಷನ್, ದೊಣ್ಣೆಯ ಹಿಂಬದಿಯ ಹೊಡೆತವೂ ಬೋನಸ್ ಆಕ್ಷನ್.

ಖಾಲಿ ಉಳಿದ ಖಾನೆ ಯಾವುದೋ ಅಲ್ಲಿಗೆ ಫೀಟ್ ಹುಡುಕಿ. ಬಹಳಷ್ಟು ಪಾತ್ರಗಳಲ್ಲಿ ಖಾಲಿ ಇರುವುದು ರಿಯಾಕ್ಷನ್. ಹೆಚ್ಚುವರಿ ಪೆಟ್ಟು ಕೊಡುವ ರೋಗ್‌ನ ಸ್ನೀಕ್ ಅಟ್ಯಾಕ್ "ಒಂದು ಸರದಿಗೆ ಒಮ್ಮೆ" ಸಿಗುತ್ತದೆ, ಒಂದು ಸುತ್ತಿಗೆ ಒಮ್ಮೆ ಅಲ್ಲ. ಅಂದರೆ ಬೇರೆಯವರ ಸರದಿಯಲ್ಲಿ ರಿಯಾಕ್ಷನ್ ಬಳಸಿ ಹೊಡೆದರೆ ಮತ್ತೊಮ್ಮೆ ಸ್ನೀಕ್ ಅಟ್ಯಾಕ್ ಹಾಕಬಹುದು. ಪಕ್ಕದ ಗೆಳೆಯನ ಮೇಲೆ ಕೈ ಮಾಡಿದ ಶತ್ರುವಿಗೆ ರಿಯಾಕ್ಷನ್‌ನಲ್ಲಿ ಹೊಡೆಯಲು ಬಿಡುವ ಸೆಂಟಿನೆಲ್, ಮುಂದೆ ನಿಂತು ಹೋರಾಡುವ ಫೈಟರ್-ರೋಗ್‌ಗೆ ಅದಕ್ಕಾಗಿಯೇ ಅಷ್ಟು ಒಪ್ಪುತ್ತದೆ. ಆದರೆ ರೋಗ್‌ನಲ್ಲಿ 5ನೇ ಲೆವೆಲ್ ಮುಟ್ಟಿದರೆ ಪೆಟ್ಟನ್ನು ಅರ್ಧ ಮಾಡುವ ಅನ್‌ಕ್ಯಾನಿ ಡಾಡ್ಜ್ ಬರುತ್ತದೆ, ಅದಕ್ಕೂ ರಿಯಾಕ್ಷನ್ ಬೇಕು. ಆಗ ಪ್ರತಿ ಸುತ್ತಿನಲ್ಲೂ ಹೊಡೆಯಲೋ, ತಪ್ಪಿಸಿಕೊಳ್ಳಲೋ ಎಂದು ಆರಿಸಬೇಕಾಗುತ್ತದೆ.

ಹಂತ 5: ಈಗಾಗಲೇ ಕೈಯಲ್ಲಿರುವುದನ್ನು ಮತ್ತೆ ಕೊಳ್ಳಬೇಡಿ

ಎರಡನೇ ಕ್ಲಾಸ್ ಪುಕ್ಕಟೆಯಾಗಿ ಕೊಟ್ಟಿದ್ದಕ್ಕೆ ಫೀಟ್ ತೆತ್ತರೆ ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ ಹಾಗೆ.

ಕವಚ: ಕ್ಲೆರಿಕ್‌ನಲ್ಲಿ ಒಂದು ಲೆವೆಲ್ ತೆಗೆದುಕೊಂಡರೆ ಹಗುರ ಮತ್ತು ಮಧ್ಯಮ ಕವಚ, ಗುರಾಣಿ ಎಲ್ಲವೂ ಬರುತ್ತವೆ. ಆ ಯೋಜನೆಯಿರುವ ವಿಝರ್ಡ್, ಮಾಡರೇಟ್ಲಿ ಆರ್ಮರ್ಡ್ ಫೀಟ್ ಕಡೆ ತಿರುಗಿಯೂ ನೋಡಬೇಕಿಲ್ಲ. ಇದಕ್ಕೆ ವಿರುದ್ಧವಾದ ಗುಂಡಿಯೂ ಇದೆ. ಫೈಟರ್ ಆಗಿ ಆರಂಭಿಸಿದರೆ ಭಾರೀ ಕವಚ ಸಿಗುತ್ತದೆ, ಆದರೆ ವಿಝರ್ಡ್ ಆಗಿ ಆರಂಭಿಸಿ ಆಮೇಲೆ ಫೈಟರ್ ಆದರೆ ಮಧ್ಯಮ ಕವಚದವರೆಗೆ ಮಾತ್ರ. ಹೆವಿ ಆರ್ಮರ್ ಮಾಸ್ಟರ್ ಫೀಟ್‌ಗೆ ಭಾರೀ ಕವಚದ ತರಬೇತಿ ಕಡ್ಡಾಯ, ಹಾಗಾಗಿ ಅಂಥ ಪಾತ್ರ ಅದನ್ನು ತೆಗೆದುಕೊಳ್ಳಲಾಗುವುದಿಲ್ಲ.

ಸೇವಿಂಗ್ ಥ್ರೋ: ಅಪಾಯದಿಂದ ಪಾರಾಗಲು ಉರುಳಿಸುವ ದಾಳ ಇದು. ಇದರ ಪ್ರಾವೀಣ್ಯ ಮೊದಲ ಕ್ಲಾಸಿನಿಂದ ಮಾತ್ರ ಬರುತ್ತದೆ, ಎರಡನೆಯದು ಏನನ್ನೂ ಕೊಡುವುದಿಲ್ಲ. ಫೈಟರ್, ಬಾರ್ಬೇರಿಯನ್, ಸೋರ್ಸರರ್ ಈ ಮೂರರಲ್ಲಿ ಒಂದಾಗಿ ಆರಂಭಿಸಿದವರಿಗೆ ಕಾನ್‌ಸ್ಟಿಟ್ಯೂಶನ್ ಸೇವ್ ಮೊದಲಿನಿಂದಲೇ ಇರುತ್ತದೆ, ಅವರಿಗೆ ಅದೇ ಸೇವ್‌ನ ಪ್ರಾವೀಣ್ಯ ಕೊಡುವ ರೆಸಿಲಿಯಂಟ್ ಫೀಟ್ ಬೇಡ. ವಿಝರ್ಡ್, ಪ್ಯಾಲಡಿನ್, ಕ್ಲೆರಿಕ್ ಆಗಿ ಆರಂಭಿಸಿದವರಿಗೆ ಅದಿಲ್ಲ, ಅವರು ಯೋಚಿಸಬೇಕು.

ಹಂತ 6: ಎರಡನ್ನೂ ಸೇರಿಸುವ ಫೀಟ್ ಆರಿಸಿ

ಈಗ ಪಟ್ಟಿ ತೆರೆಯಿರಿ. ಪ್ರತಿ ಫೀಟ್‌ಗೂ ಒಂದೇ ಪ್ರಶ್ನೆ ಹಾಕಿ: ನನ್ನ ಎರಡೂ ಕ್ಲಾಸ್‌ಗಳು ಇದರಿಂದ ಏನಾದರೂ ಪಡೆಯುತ್ತವೆಯೇ?

ಪ್ಯಾಲಡಿನ್-ಸೋರ್ಸರರ್ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ. ಶೀಲ್ಡ್ ಮಂತ್ರಕ್ಕೆ ಕೈ ಸನ್ನೆ ಬೇಕು, ಕೈ ಖಾಲಿಯಿಲ್ಲ. ವಾರ್ ಕ್ಯಾಸ್ಟರ್ ಈ ಗಂಟನ್ನು ಬಿಡಿಸುತ್ತದೆ: ಶಸ್ತ್ರ, ಗುರಾಣಿ ಹಿಡಿದೇ ಸನ್ನೆ ಮಾಡಬಹುದು, ಏಕಾಗ್ರತೆ ಉಳಿಸುವ ದಾಳವನ್ನು ಅಡ್ವಾಂಟೇಜ್‌ನಿಂದ ಉರುಳಿಸಬಹುದು, ಅಂದರೆ ಎರಡು ಬಾರಿ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳಬಹುದು. ಕತ್ತಿಯೂ ಮಂತ್ರವೂ ಒಂದೇ ಪಾತ್ರದಲ್ಲಿ ಬಾಳುವಂತೆ ಮಾಡುವುದು ಈ ಫೀಟ್. ಫೈಟರ್-ವಿಝರ್ಡ್‌ಗೂ ನಾನು ಮೊದಲು ಹೇಳುವುದು ಇದನ್ನೇ.

ವಾರ್ ಕ್ಯಾಸ್ಟರ್ ಮೇಲೋ, ರೆಸಿಲಿಯಂಟ್ ಮೇಲೋ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಏಕಾಗ್ರತೆ ಉಳಿಸಲು 10 ಅಥವಾ ಬಿದ್ದ ಪೆಟ್ಟಿನ ಅರ್ಧ, ಇವೆರಡರಲ್ಲಿ ದೊಡ್ಡದನ್ನು ಮುಟ್ಟಬೇಕು. ಪೆಟ್ಟು 22 ಮುಟ್ಟುವವರೆಗೆ ಗುರಿ 10ರಲ್ಲೇ ಇರುತ್ತದೆ. ಅಡ್ವಾಂಟೇಜ್‌ನಿಂದ ದಾಳದ ಸರಾಸರಿ ಮೂರಕ್ಕಿಂತ ಸ್ವಲ್ಪ ಹೆಚ್ಚು ಏರುತ್ತದೆ. ರೆಸಿಲಿಯಂಟ್ ಕೊಡುವ ಪ್ರಾವೀಣ್ಯದ ಬೋನಸ್, ಅಂದರೆ ದಾಳಕ್ಕೆ ಸೇರುವ ಅಂಕ, ಆರಂಭದಲ್ಲಿ +2, 17ನೇ ಲೆವೆಲ್‌ಗೆ +6. ಆದ್ದರಿಂದ ಕೈಗಳು ತುಂಬಿರುವವರಿಗೆ, ಆಟದ ಮೊದಲರ್ಧಕ್ಕೆ ವಾರ್ ಕ್ಯಾಸ್ಟರ್. ಕೈ ಖಾಲಿಯಿದ್ದು ಕಾನ್‌ಸ್ಟಿಟ್ಯೂಶನ್ ಬೆಸ ಅಂಕದಲ್ಲಿದ್ದರೆ ರೆಸಿಲಿಯಂಟ್.

ಬಾರ್ಬೇರಿಯನ್ ಸೇರಿದ ಪಾತ್ರಗಳಲ್ಲಿ ಮಾತ್ರ ವಾರ್ ಕ್ಯಾಸ್ಟರ್ ಬಗ್ಗೆ ಎರಡು ಸಲ ಯೋಚಿಸಿ. ರೇಜ್, ಅಂದರೆ ಆವೇಶದಲ್ಲಿರುವಾಗ ಮಂತ್ರ ಹಾಕಲೂ ಆಗುವುದಿಲ್ಲ, ಏಕಾಗ್ರತೆ ಹಿಡಿಯಲೂ ಆಗುವುದಿಲ್ಲ. ಬಾರ್ಬೇರಿಯನ್-ಫೈಟರ್‌ಗೆ ಗ್ರೇಟ್ ವೆಪನ್ ಮಾಸ್ಟರ್ ಸಹಜ ಆಯ್ಕೆ. 2014ರ ರೂಪದಲ್ಲಿ ಗುರಿಗೆ -5 ಒಪ್ಪಿಕೊಂಡರೆ ಹೊಡೆತಕ್ಕೆ +10 ಸಿಗುತ್ತದೆ, ಬಾರ್ಬೇರಿಯನ್‌ನ ರೆಕ್‌ಲೆಸ್ ಅಟ್ಯಾಕ್ ಕೊಡುವ ಅಡ್ವಾಂಟೇಜ್ ಆ -5ರ ಭಾರವನ್ನು ಬಹಳಷ್ಟು ಇಳಿಸುತ್ತದೆ. 2024ರಲ್ಲಿ -5, +10 ಎರಡೂ ಹೋಗಿ, ಭಾರೀ ಶಸ್ತ್ರದ ಹೊಡೆತಕ್ಕೆ ಪ್ರಾವೀಣ್ಯದ ಬೋನಸ್ ಸೇರುತ್ತದೆ. ಶಾರ್ಪ್‌ಶೂಟರ್‌ನಿಂದಲೂ -5, +10 ಹೋಗಿದೆ. ಹಳೆಯ ಸಲಹೆಗಳನ್ನು ಓದಿ ಹೊಸ ಪುಸ್ತಕದಿಂದ ಆಡುವವರು ಇಲ್ಲಿ ಎಡವುತ್ತಾರೆ.

ಗ್ರೇಟ್ ವೆಪನ್ ಮಾಸ್ಟರ್ ಮತ್ತು ರೋಗ್ ಜೋಡಿ ಬೇಡ. ಸ್ನೀಕ್ ಅಟ್ಯಾಕ್‌ಗೆ ಫಿನೆಸ್ ಶಸ್ತ್ರ (ಬಲದ ಬದಲು ಚುರುಕಿನಿಂದಲೂ ಹೊಡೆಯಬಹುದಾದ್ದು) ಅಥವಾ ದೂರದಿಂದ ಹೊಡೆಯುವ ಶಸ್ತ್ರ ಬೇಕು. ಮೂಲ ಪುಸ್ತಕದ ಕೈಶಸ್ತ್ರಗಳಲ್ಲಿ ಒಂದೇ ಹೊತ್ತಿಗೆ ಭಾರಿಯೂ ಫಿನೆಸ್ಸೂ ಆಗಿರುವುದು ಒಂದೂ ಇಲ್ಲ.

ಬಾರ್ಡ್, ಸೋರ್ಸರರ್, ವಾರ್‌ಲಾಕ್ ಇವುಗಳಲ್ಲಿ ಯಾವ ಎರಡನ್ನು ಕೂಡಿಸಿದರೂ ಕರಿಸ್ಮಾ ಎರಡಕ್ಕೂ ಸಾಕು, ಇಲ್ಲಿ ಫೇ ಟಚ್ಡ್ ಮನಸಾರೆ ತೆಗೆದುಕೊಳ್ಳಿ. ಕರಿಸ್ಮಾ ಒಂದು ಏರುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಜಾಗ ಬದಲಿಸುವ ಮಿಸ್ಟಿ ಸ್ಟೆಪ್ ಸಿಗುತ್ತದೆ, ಆ ಮಂತ್ರವನ್ನು ನಿಮ್ಮ ಬೇರೆ ಸ್ಪೆಲ್ ಸ್ಲಾಟ್‌ಗಳಿಂದಲೂ, ಅಂದರೆ ಮಂತ್ರ ಹಾಕಲು ಇರುವ ಎಣಿಕೆಯ ಅವಕಾಶಗಳಿಂದಲೂ, ಹಾಕಬಹುದು. ಮ್ಯಾಜಿಕ್ ಇನಿಶಿಯೇಟ್ ಬಗ್ಗೆ ಒಂದು ಎಚ್ಚರಿಕೆ: 2014ರ ನಿಯಮದಲ್ಲಿ ನೀವು ಯಾವ ಕ್ಲಾಸಿನ ಪಟ್ಟಿಯಿಂದ ಮಂತ್ರ ಆರಿಸುತ್ತೀರೋ ಆ ಕ್ಲಾಸಿನ ಅಂಕವೇ ಲೆಕ್ಕಕ್ಕೆ ಬರುತ್ತದೆ. ಬುದ್ಧಿ 8 ಇರುವ ಪ್ಯಾಲಡಿನ್ ವಿಝರ್ಡ್ ಪಟ್ಟಿಯಿಂದ ದಾಳಿಯ ಮಂತ್ರ ಆರಿಸಿದರೆ ಅದು ಗುರಿ ಮುಟ್ಟುವುದು ಕಷ್ಟ.

ಏನೂ ತೋಚದಿದ್ದರೆ ಒಟ್ಟು ಲೆವೆಲ್ ಜೊತೆ ಬೆಳೆಯುವ ಫೀಟ್ ನೋಡಿ. ಪ್ರಾವೀಣ್ಯದ ಬೋನಸ್ ಲೆಕ್ಕವಾಗುವುದು ಒಟ್ಟು ಲೆವೆಲ್‌ನಿಂದ, ಕ್ಲಾಸ್ ಹಂಚಿದ್ದಕ್ಕೆ ಅದು ಕಡಿಮೆಯಾಗುವುದಿಲ್ಲ. ಟಫ್ ಪ್ರತಿ ಲೆವೆಲ್‌ಗೂ ಎರಡು ಪ್ರಾಣಾಂಕ ಕೊಡುತ್ತದೆ, ಅದು ಯಾವ ಕ್ಲಾಸಿನದ್ದಾದರೂ ಸರಿ. 2024ರ ಲಕ್ಕಿ ಮತ್ತು ಅಲರ್ಟ್ ಎರಡೂ ಪ್ರಾವೀಣ್ಯದ ಬೋನಸ್ ಜೊತೆಗೇ ಏರುತ್ತವೆ.

ಹಂತ 7: ಫೀಟ್ ಸಾಕಾಗುವಲ್ಲಿ ಕ್ಲಾಸ್ ಬೇಡ

ಕೆಲವೊಮ್ಮೆ ಮಲ್ಟಿಕ್ಲಾಸ್ ಆಗುವ ಆಸೆಯ ಹಿಂದೆ ಒಂದೇ ಒಂದು ಸಾಮರ್ಥ್ಯದ ಮೇಲಿನ ಕಣ್ಣಿರುತ್ತದೆ. ಮಂತ್ರದ ರೂಪ ಬದಲಿಸುವ ಸೋರ್ಸರರ್‌ನ ಮೆಟಾಮ್ಯಾಜಿಕ್ ರುಚಿ ನೋಡಲು ಮೆಟಾಮ್ಯಾಜಿಕ್ ಅಡೆಪ್ಟ್, ವಾರ್‌ಲಾಕ್‌ನ ಒಂದು ಇನ್ವೊಕೇಶನ್‌ಗೆ, ಅಂದರೆ ವಿಶೇಷ ಶಕ್ತಿಗೆ, ಎಲ್‌ಡ್ರಿಚ್ ಅಡೆಪ್ಟ್, ಫೈಟರ್‌ನ ಹೋರಾಟದ ಶೈಲಿಗೆ ಫೈಟಿಂಗ್ ಇನಿಶಿಯೇಟ್ ಎಂಬ ಫೀಟ್‌ಗಳು 2020ರ ಪೂರಕ ಪುಸ್ತಕದಲ್ಲಿವೆ. ಮೆಟಾಮ್ಯಾಜಿಕ್ ಅಡೆಪ್ಟ್ ಕೊಡುವುದು ಅದಕ್ಕೆ ಖರ್ಚಾಗುವ ಸೋರ್ಸರಿ ಪಾಯಿಂಟ್ ಎರಡೇ, ಅದು ದಿನವಿಡೀ ಸಾಲದು. ಆದರೂ ಮುಖ್ಯ ಕ್ಲಾಸಿನ ದೊಡ್ಡ ಮಂತ್ರಗಳು ಮೂರು ಲೆವೆಲ್ ತಡವಾಗುವುದು ತಪ್ಪುತ್ತದೆ.

ಹಂತ 8: ಕ್ರಮ

ಎರಡು ಫೀಟ್ ನಿಗದಿಯಾದವೆಂದರೆ ಮೊದಲು ಯಾವುದು? ಪಾತ್ರ ಈಗ ಆಡುವ ಕ್ರಮಕ್ಕೆ ಅಡ್ಡಿಯಾಗಿರುವುದನ್ನು ಸರಿಪಡಿಸುವ ಫೀಟ್ ಮೊದಲು, ಹೊಡೆತದ ಬಲ ಹೆಚ್ಚಿಸುವುದು ಆಮೇಲೆ. ಕೈ ಖಾಲಿಯಿಲ್ಲದೆ ಮಂತ್ರ ಹಾಕಲಾಗದ ಪಾತ್ರಕ್ಕೆ ವಾರ್ ಕ್ಯಾಸ್ಟರ್ ಎಂಟನೇ ಲೆವೆಲ್‌ವರೆಗೆ ಕಾಯುವಂಥದ್ದಲ್ಲ. ಇನ್ನೂ ತೆಗೆದುಕೊಳ್ಳದ ಕ್ಲಾಸನ್ನು ನಂಬಿ ಈಗಲೇ ಫೀಟ್ ತೆಗೆದುಕೊಳ್ಳುವುದೂ ಬೇಡ. ಕಥೆ ಬೇರೆ ಕಡೆ ತಿರುಗಬಹುದು, ನಿಮ್ಮ ಮನಸ್ಸೂ ತಿರುಗಬಹುದು.

ಒಮ್ಮೆ ತೆಗೆದುಕೊಂಡ ಫೀಟ್ ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳಲು 2014ರ ಮೂಲ ಪುಸ್ತಕದಲ್ಲಿ ಅವಕಾಶವಿಲ್ಲ. ಆದ್ದರಿಂದ ಶೀಟಿನಲ್ಲಿ ಪೆನ್ನಿನಿಂದ ಬರೆಯುವ ಮೊದಲು ಡಿಎಂ ಬಳಿ ಒಂದು ಮಾತು ಕೇಳಿಡಿ: ಎರಡು ಮೂರು ಆಟದ ನಂತರವೂ ಹೊಂದದಿದ್ದರೆ ಬದಲಿಸಬಹುದೇ? ಮೊದಲೇ ಕೇಳಿದರೆ ಒಪ್ಪುವ ಡಿಎಂ ಸಿಗುವುದು ಕಷ್ಟವಲ್ಲ. ಒಪ್ಪಿದರೆ ನಾಲ್ಕು ಖಾನೆಯ ಆ ಹಾಳೆಯನ್ನು ಎಸೆಯದೆ ಶೀಟಿನ ಜೊತೆಗೇ ಇಟ್ಟುಕೊಳ್ಳಿ. ಪ್ರತಿ ಕಾದಾಟದಲ್ಲಿ ಫೀಟ್ ಎಷ್ಟು ಸಲ ಕೆಲಸಕ್ಕೆ ಬಂತೆಂದು ಆಯಾ ಖಾನೆಯಲ್ಲಿ ಗೆರೆ ಹಾಕುತ್ತ ಹೋಗಿ.